ಅಜ್ಜ ಬಾಯಿ ತೆಗೀರಿ, ಗೋದಾಮು ಖಾಲಿ ಇದೆ

ನಮ್ಮ ದೇಶದಲ್ಲಿ ಕ್ಷಯರೋಗಿಯಷ್ಟು ನಂಬಿಕೆಗೆ ಅನರ್ಹನಾದವನು ಇನ್ನೊಬ್ಬನಿಲ್ಲ. ಬ್ಯಾಂಕಿಗೆ ಕೋಟಿಗಟ್ಟಲೆ ಟೋಪಿ ಹಾಕಿದವನು ವಿಮಾನ ಹತ್ತುವವರೆಗೂ ಯಾರೂ ಅವನತ್ತ ನೋಡುವುದಿಲ್ಲ. ಮಾತ್ರೆ ನುಂಗುವವನ ಗಂಟಲಿಗೆ ಮಾತ್ರ ಸರ್ಕಾರದ ಕಾವಲು. ಕಣ್ಣೆದುರೇ ಮಾತ್ರೆ ನುಂಗಿಸುವ ಈ ಪದ್ಧತಿಗೆ 1997ರಿಂದ ಡಾಟ್ಸ್ ಎಂದು ಹೆಸರು.

ಕಾವಲಿಗೆ ಕಾರಣವಿಲ್ಲದಿಲ್ಲ ಅನ್ನಿ. ಮೊದಲೆರಡು ತಿಂಗಳು ನಾಲ್ಕು ಔಷಧಿ ಸೇರಿಸಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಕೆಮ್ಮು ನಿಂತು ಊಟ ಸೇರತೊಡಗಿದ ಕೂಡಲೇ "ನಂಗೇನಾಗಿದೆ?" ಎಂದು ಮಾತ್ರೆ ಬಿಟ್ಟರೆ, ಉಳಿದ ಕ್ರಿಮಿಗಳು ಔಷಧಿಗೇ ಬಗ್ಗದಂತಾಗುತ್ತವೆ. ಹಾಗಾಗಿ ಆಶಾ ಕಾರ್ಯಕರ್ತೆ ಜಗಲಿಗೆ ಬಂದು "ಅಜ್ಜ, ನುಂಗಿದ್ರಾ? ಎಲ್ಲಿ, ಬಾಯಿ ತೆಗೀರಿ" ಎನ್ನಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಆ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಒಳಗೆ ಹೋಗಿದೆ ಎಂದರ್ಥ. ಸರ್ಕಾರಿ ಕೆಲಸವೊಂದು ನಿಜಕ್ಕೂ ನಡೆದಿದೆ ಎನ್ನಲು ಇಷ್ಟು ಗಟ್ಟಿ ಪುರಾವೆ ಬೇರಾವ ಇಲಾಖೆಯಲ್ಲೂ ಸಿಗದು.

ಆಮೇಲೆ ತಂತ್ರಜ್ಞಾನ ಬಂತು. ಮಾತ್ರೆ ಒತ್ತಿ ತೆಗೆದರೆ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೊಂದು ಕರೆ ಕೊಟ್ಟರೆ ನುಂಗಿದಂತೆ ಲೆಕ್ಕ. ಮಾತ್ರೆಯನ್ನು ಬಚ್ಚಲಿಗೆ ಎಸೆದು ಕರೆ ಕೊಟ್ಟರೂ ಕಂಪ್ಯೂಟರ್ ಪಾಲಿಗೆ ಅಜ್ಜ ಗುಣವಾಗುತ್ತಿದ್ದಾನೆ.

ಇಷ್ಟೆಲ್ಲ ಕಣ್ಣು ಅಜ್ಜನ ಮೇಲಿರುವಾಗ ಗೋದಾಮಿನ ಮೇಲೆ ಯಾರ ಕಣ್ಣಿತ್ತು? 2023ರ ಸೆಪ್ಟೆಂಬರ್‌ನಲ್ಲಿ ಔಷಧಿ ಕೊರತೆಯ ವರದಿಗಳು ಬಂದಾಗ ಕೇಂದ್ರ ಆರೋಗ್ಯ ಸಚಿವಾಲಯ ಅವೆಲ್ಲ ಸುಳ್ಳು, ದಾರಿ ತಪ್ಪಿಸುವಂಥವು ಎಂದಿತು. ಆರು ತಿಂಗಳು, ಅಂದರೆ ಸರಿಯಾಗಿ ಒಂದು ಕೋರ್ಸ್, ಕಳೆದು 2024ರ ಮಾರ್ಚ್‌ನಲ್ಲಿ ಅದೇ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು: ಪೂರೈಕೆ ತಡವಾಗಬಹುದು, ಮೂರು ತಿಂಗಳಿಗಾಗುವಷ್ಟು ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ. ಒಂದು ದಿನವೂ ತಪ್ಪಿಸಬಾರದೆಂದು ಅಜ್ಜನಿಗೆ ಪಾಠ ಹೇಳಿದವರದೇ ಪತ್ರ ಇದು. ನಂಬರ್ ಅಡಗಿಸಿಟ್ಟ ಜಾಣರು ಈ ಸಲ ಮಾತ್ರೆಯನ್ನೇ ಅಡಗಿಸಿಟ್ಟರು.

ಹೆಸರಿಗೇನೂ ಕೊರತೆಯಾಗಲಿಲ್ಲ. 2020ರಲ್ಲಿ 'ನಿಯಂತ್ರಣ' ಕಾರ್ಯಕ್ರಮ 'ನಿರ್ಮೂಲನಾ' ಕಾರ್ಯಕ್ರಮವಾಯಿತು. ಜಗತ್ತಿಗೆ 2030ರ ಗಡುವಾದರೆ ನಮಗೆ 2025. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಯಿತು. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಮೂರಕ್ಕೂ ನಂಟಾದರೆ ಮೊಟ್ಟೆ. 2025 ಬಂತು, ಹೋಯಿತು. ಜಗತ್ತಿನ ನಾಲ್ವರು ಕ್ಷಯರೋಗಿಗಳಲ್ಲಿ ಒಬ್ಬ ಈಗಲೂ ನಮ್ಮವನೇ. ಕ್ರಿಮಿಗೆ ಸುತ್ತೋಲೆ ತಲುಪಿಲ್ಲವೋ ಏನೋ.

ನನ್ನದೊಂದು ಸಲಹೆ: ಡಾಟ್ಸ್ ಅಧಿಕಾರಿಗಳಿಗೂ ಬರಲಿ. ಖರೀದಿ ಫೈಲು ಹಿಡಿದು ಅವರೇ ಅಜ್ಜನ ಜಗಲಿಗೆ ಬರಲಿ, ಅವನೆದುರೇ ಸಹಿ ಹಾಕಲಿ. ಅಜ್ಜ ಕಣ್ಣಾರೆ ನೋಡಿ ಕಾರ್ಡಿನಲ್ಲಿ ಗುರುತು ಹಾಕಲಿ. ತಪ್ಪಿಸಿಕೊಂಡವರ ಬಂಗಲೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ.

"ಏನ್ ಸಾರ್, ಮಧ್ಯದಲ್ಲೇ ಬಿಟ್ಬಿಟ್ಟಿದ್ದೀರಿ?"

"ಕೆಮ್ಮು ನಿಂತಿತ್ತಲ್ಲಮ್ಮ, ಪೇಪರಿನಲ್ಲಿ. ವಾಸಿಯಾಯ್ತು ಅಂದ್ಕೊಂಡೆ."