ಹಳೇ ಸ್ಟಾಂಪು ನಡೆಯಲ್ಲ ಅಂದ್ರೆ ನಾನು ಕೊಟ್ಟ ದುಡ್ಡು?

ಮನೆ ಬದಲಾಯಿಸುವಾಗ ಡ್ರಾಯರ್‌ನ ತಳದಲ್ಲಿ ಸ್ಟಾಂಪಿನ ಪುಟ್ಟ ಪುಸ್ತಕವೊಂದು ಸಿಕ್ಕಿತು. ರಾಣಿ ಎಲಿಜಬೆತ್ ತಲೆ ಇರುವ ಕೆಂಪು ಫಸ್ಟ್ ಕ್ಲಾಸ್ ಸ್ಟಾಂಪು (ಬೇಗ ತಲುಪುವ ಅಂಚೆಯದು, ಮೇಲೆ ಬೆಲೆ ಅಚ್ಚಾಗಿರುವುದಿಲ್ಲ), ಹನ್ನೆರಡರಲ್ಲಿ ಏಳು ಉಳಿದಿದ್ದವು. ನಾನು ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಕೊಂಡದ್ದು, ಆಗ ಒಂದಕ್ಕೆ 60 ಪೆನ್ಸ್. "ರಾಣಿ ಹೋದ್ರಲ್ಲ, ಇನ್ನು ಇವು ನಡೆಯಲ್ಲ, ಬಿಸಾಕಿ" ಅಂದಳು ಹೆಂಡತಿ.

ಇಲ್ಲಿ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ರಾಣಿಗೂ ಇದಕ್ಕೂ ಸಂಬಂಧವಿಲ್ಲ. ಅವರು ತೀರಿಕೊಂಡದ್ದು 2022ರ ಸೆಪ್ಟೆಂಬರ್‌ನಲ್ಲಿ. ಬಾರ್‌ಕೋಡ್ ಇಲ್ಲದ ಮಾಮೂಲಿ ಸ್ಟಾಂಪು ನಿಲ್ಲಿಸುತ್ತೇವೆ ಅಂತ ಇಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಹೇಳಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಕೊನೇ ದಿನ 2023ರ ಜನವರಿ 31, ಆಮೇಲೆ ಜುಲೈ 31ರ ತನಕ ಸ್ವಲ್ಪ ರಿಯಾಯಿತಿ. ರಾಣಿಯ ತಲೆ ಇದ್ದರೂ ಪಕ್ಕದಲ್ಲಿ ಬಾರ್‌ಕೋಡ್ ಇದ್ದರೆ ಇವತ್ತಿಗೂ ನಡೆಯುತ್ತದೆ. ಇನ್ನೂ ತಮಾಷೆ ಅಂದರೆ, ಹಕ್ಕಿ, ರೈಲು ಅಂತ ಚಿತ್ರ ಇರುವ ವಿಶೇಷ ಸ್ಟಾಂಪುಗಳು ಬಾರ್‌ಕೋಡ್ ಇಲ್ಲದೆಯೂ ನಡೆಯುತ್ತವೆ, 1971ಕ್ಕೆ ಮುಂಚಿನ ಶಿಲ್ಲಿಂಗ್ ಕಾಲದವು ಮಾತ್ರ ಇಲ್ಲ. ನಕಲಿ ಸ್ಟಾಂಪು ತಡೆಯೋಕೆ ಬಾರ್‌ಕೋಡ್ ಅಂತೀರಿ, ಹಾಗಾದರೆ ಹಕ್ಕಿಗಳನ್ನು ಯಾಕೆ ಬಿಟ್ಟಿರಿ?

ಅಮೆರಿಕದಲ್ಲಿರುವ ಭಾವನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟರು. ಅಲ್ಲಿ 1861ರಿಂದ ಈಚೆಗೆ ಅಚ್ಚಾದ ಅಂಚೆಚೀಟಿ ಯಾವುದಾದರೂ ಹಚ್ಚಬಹುದು. ಅದಕ್ಕೂ ಹಿಂದಿನವನ್ನು ರದ್ದು ಮಾಡಿದ್ದು ಅಂತರ್ಯುದ್ಧದ ಕಾರಣಕ್ಕೆ, ಬೇರೆಯಾದ ದಕ್ಷಿಣದ ರಾಜ್ಯಗಳ ಕೈಯಲ್ಲಿದ್ದ ದಾಸ್ತಾನು ದುಡ್ಡಾಗಬಾರದು ಅಂತ. 2007ರಲ್ಲಿ 'ಫಾರೆವರ್' ಸ್ಟಾಂಪು ತಂದಾಗ ಬೆಲೆ 41 ಸೆಂಟ್, 2025ರ ಜುಲೈನಲ್ಲಿ ಅದೇ ಪತ್ರಕ್ಕೆ 78 ಸೆಂಟ್ ಆಯಿತು, ಆದರೂ 41ಕ್ಕೆ ಕೊಂಡದ್ದು ಹಾಗೇ ನಡೆಯುತ್ತದೆ. ಕೊಟ್ಟ ಮಾತು ಅಂದರೆ ಇದು.

ಊರಲ್ಲಿ ನಮ್ಮಪ್ಪನ ಕಥೆ ಬೇರೆ. 25 ಪೈಸೆ ನಾಣ್ಯ 2011ರಲ್ಲೇ ನಿಂತುಹೋಯಿತು, ಅಪ್ಪನ ಟ್ರಂಕಿನಲ್ಲಿ 25 ಪೈಸೆ ಸ್ಟಾಂಪು ಮಾತ್ರ ಹಾಳೆಗಟ್ಟಲೆ ಇದ್ದವು. ಒಂದು ಸಲ ಹಾಸನದ ಅತ್ತೆಗೆ ಕವರ್ ಕಳಿಸುವಾಗ ಐದು ರೂಪಾಯಿಗೆ ಇಪ್ಪತ್ತು ಸ್ಟಾಂಪು ಹಚ್ಚಿದರು. ಮುಂದೆ ಅರ್ಧ, ಹಿಂದೆ ಅರ್ಧ, ನಡುವೆ ಹೇಗೋ ವಿಳಾಸ. ಪತ್ರ ತಲುಪಿತು. ಅತ್ತೆ ಫೋನ್ ಮಾಡಿ, "ಅಣ್ಣ, ಒಳಗಿನ ಕಾಗದಕ್ಕಿಂತ ಹೊರಗಿನ ಗೋಂದೇ ಜಾಸ್ತಿ ಇತ್ತು" ಅಂದರು.

ರಾಯಲ್ ಮೇಲ್ ಪೂರ್ತಿ ಕೈಬಿಟ್ಟಿಲ್ಲ, ಅದನ್ನೂ ಹೇಳಬೇಕು. ಅರ್ಜಿ ತುಂಬಿ ಹಳೆಯವನ್ನು ಕಳಿಸಿದರೆ ಅಷ್ಟೇ ಹೊಸವು ಬರುತ್ತವೆ. ನಾನೂ ಕಳಿಸಿದೆ, ಏಳಕ್ಕೆ ಏಳು ಬಂದವು. 2025ರ ಏಪ್ರಿಲ್‌ನಿಂದ ಫಸ್ಟ್ ಕ್ಲಾಸ್ 1 ಪೌಂಡ್ 70 ಪೆನ್ಸ್ ಆಗಿತ್ತು, ಹಾಗಾಗಿ ನನಗೆ ಲಾಭವೇ.

ಆದರೆ ಬೆಲೆ ಏರುತ್ತದೆ ಅಂತ ಮೊದಲೇ ಕಟ್ಟುಗಟ್ಟಲೆ ಕೊಂಡಿಟ್ಟುಕೊಂಡವರು ಹೆಚ್ಚಾಗಿ ವಯಸ್ಸಾದವರು. ನಮ್ಮ ಬೀದಿಯ ಎಂಬತ್ತರ ಅಜ್ಜಿ ಕ್ರಿಸ್‌ಮಸ್ ಕಾರ್ಡ್‌ಗಳಿಗೆ ಅಂತ ಎತ್ತಿಟ್ಟಿದ್ದವನ್ನೇ ಹಚ್ಚಿ ಡಬ್ಬಕ್ಕೆ ಹಾಕಿದರೆ, ಹೆಚ್ಚುವರಿ ದುಡ್ಡು ಕಟ್ಟಬೇಕಾದವರು ಕಾರ್ಡ್ ಪಡೆಯುವವರು. ನಮ್ಮಲ್ಲೂ ಬೇರಿಂಗ್ ಇತ್ತು, ಕೊರತೆಯ ಎರಡರಷ್ಟು ಕೊಟ್ಟು ಪತ್ರ ಬಿಡಿಸಿಕೊಳ್ಳಬೇಕಿತ್ತು. ಆದರೆ ಅದು ಸ್ಟಾಂಪು ಹಚ್ಚದಿದ್ದಕ್ಕೆ ಅಥವಾ ಕಡಿಮೆ ಹಚ್ಚಿದ್ದಕ್ಕೆ. ಇಲ್ಲಿ ಪೂರ್ತಿ ದುಡ್ಡು ಕೊಟ್ಟು ಹಚ್ಚಿದರೂ ಬೇರಿಂಗೇ! ಹಳೇ ಸ್ಟಾಂಪು ಬಂದಾಗ ಸುಮ್ನೆ ಪತ್ರ ತಲುಪಿಸಿ, ಜೊತೆಗೊಂದು ಚೀಟಿ ಇಟ್ಟಿದ್ದರೆ ಏನಾಗುತ್ತಿತ್ತು?

ಹೊಸ ಏಳರಲ್ಲಿ ಮೊದಲನೆಯದನ್ನು ಅಪ್ಪನ ಪತ್ರಕ್ಕೇ ಹಚ್ಚಿದೆ. ಇಂಡಿಯಾಕ್ಕೆ ಒಂದು ಸಾಕಾಗಲ್ಲ, ಅದಕ್ಕೇ ಡ್ರಾಯರ್‌ನಲ್ಲಿದ್ದ ಹಳೇ ಹಕ್ಕಿ ಸ್ಟಾಂಪುಗಳನ್ನೂ ಸಾಲಾಗಿ ಪಕ್ಕದಲ್ಲಿ ಕೂರಿಸಿದೆ. ವಿಳಾಸಕ್ಕೆ ಜಾಗ ಸ್ವಲ್ಪ ಕಮ್ಮಿಯೇ ಉಳಿಯಿತು.