ಡೋಸ್ ಇಳಿಸುವುದು ಶಿಸ್ತಲ್ಲ

ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ ನಿಯಮ ಮುರಿದವರ ಮೆಥಡೋನ್ (ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕಗಳ ಚಟಕ್ಕೆ ಕೊಡುವ ಔಷಧಿ) ಡೋಸ್ ಇಳಿಸಿದರೆ ಬುದ್ಧಿ ಬರುತ್ತದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಬುದ್ಧಿ ಬರುವುದಿಲ್ಲ ಸಾರ್, ವಿತ್‌ಡ್ರಾವಲ್ ಬರುತ್ತದೆ, ಅಂದರೆ ಒಗ್ಗಿದ ಔಷಧಿ ಸಾಲದೆ ದೇಹ ಪಡುವ ಯಾತನೆ.

ನನ್ನ ತಮ್ಮ ಒಂದು ದಿನ ಕೌನ್ಸೆಲಿಂಗ್ ತಪ್ಪಿಸಿದ್ದಕ್ಕೆ ಹೇಳದೆ ಕೇಳದೆ ಡೋಸ್ ಕಡಿಮೆ ಮಾಡಿದ್ದರು. ನಮಗೆ ಗೊತ್ತಾಗಿದ್ದು ಆಮೇಲೆ: ನಿಲ್ಲದ ಆಕಳಿಕೆ, ಸೋರುವ ಮೂಗು, ತೋಳಿನ ಕೂದಲೆಲ್ಲ ನೆಟ್ಟಗೆ, ಒಂದು ಕಡೆ ಇಡಲಾಗದ ಕಾಲು. ಬೆಳಿಗ್ಗೆ ಔಷಧಿ ಕೊಡುವ ಕಿಟಕಿಯಲ್ಲಿ ಎಷ್ಟು ಮಿಲಿಗ್ರಾಂ ಎಂದು ಕೇಳಿದರೆ "ಅದೆಲ್ಲ ನಿಮಗ್ಯಾಕೆ" ಅಂದರು. ತಾನು ನುಂಗುವ ಔಷಧಿಯ ಲೆಕ್ಕ ಕೇಳುವುದೂ ಉದ್ಧಟತನವೇ?

ಮೆಥಡೋನ್, ಅದೇ ಚಿಕಿತ್ಸೆಗೆ ಬಳಸುವ ಬುಪ್ರೆನಾರ್ಫಿನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ ಅವು.

ಮೂತ್ರ ಪರೀಕ್ಷೆಯ ವಿಷಯವನ್ನಂತೂ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕೆಲವು ಆಂಟಿಬಯಾಟಿಕ್ ತೆಗೆದುಕೊಂಡಿದ್ದರೂ ಸ್ಟ್ರಿಪ್ ಟೆಸ್ಟ್ ಮಾದಕ ಸೇವಿಸಿದಂತೆ ಪಾಸಿಟಿವ್ ತೋರಿಸಬಹುದು. ಲ್ಯಾಬಿನಲ್ಲಿ ಮತ್ತೊಮ್ಮೆ ಖಚಿತಪಡಿಸದೆ ಯಾರನ್ನೂ ಸುಳ್ಳುಗಾರ ಎನ್ನಬಾರದು.

ಸಿಬ್ಬಂದಿಯ ಮೇಲೆ ಕೈ ಮಾಡಿದವರ ಮಾತು ಬೇರೆ, ಒಪ್ಪುತ್ತೇನೆ. ಆದರೂ ಚಿಕಿತ್ಸೆಯಿಂದ ಹೊರಗೆ ಹಾಕುವ ಮೊದಲು ಲಿಖಿತ ಕಾರಣ, ಮೇಲ್ಮನವಿಗೆ ಅವಕಾಶ, ಬೇರೆ ಕೇಂದ್ರಕ್ಕೆ ಪತ್ರ ಇರಲೇಬೇಕು. ಚಿಕಿತ್ಸೆ ನಿಂತ ಮೇಲೆ ದೇಹದ ತಾಳಿಕೆ ಕುಗ್ಗಿರುತ್ತದೆ. ಮತ್ತೆ ಮಾದಕಕ್ಕೆ ಮರಳಿದರೆ ಹಿಂದೆ ಒಗ್ಗಿದ್ದ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು.

ತಮ್ಮ ಈಗ ಬೇರೆ ಕಡೆ ಹೋಗುತ್ತಾನೆ. ಅಲ್ಲಿನ ಡಾಕ್ಟರು ಚಾರ್ಟ್ ಅವನ ಕಡೆಗೇ ತಿರುಗಿಸಿಟ್ಟು ಮಾತಾಡುತ್ತಾರೆ.