ಮೂರು ಪರ್ಸೆಂಟ್ ಡೌನ್‌ಲೋಡ್ ಆಗಿದ್ದಕ್ಕೆ ಪೂರ್ತಿ ದುಡ್ಡು ಹೋತು

ಅಲ್ರೀ, ಈಗ ಹತ್ತು ನಿಮಿಷದ ಹಿಂದೆ ವಿಡಿಯೋ ಗೇಮ್ ಮಾರೋ ಆನ್‌ಲೈನ್ ಸ್ಟೋರಿನಿಂದ ದುಡ್ಡು ವಾಪಸ್ ಇಲ್ಲ ಅಂತ ಒಂದು ಮೇಲ್ ಬಂತು, ಓದಿ ಸಿಟ್ಟು ನೆತ್ತಿಗೇರಿ ಗಲ್ಲಾದ ಮುಂದೆ ಕುಂತೇ ಟೈಪ್ ಮಾಡ್ತಿದೀನಿ. ಮಧ್ಯಾಹ್ನ ಮೂರು ಗಂಟೆ, ಈ ಬಿಸಿಲಿಗೆ ನಮ್ಮ ಬಳ್ಳಾರಿಯ ಬೆಂಗಳೂರು ರೋಡಿನಾಗೆ ನಾಯಿನೂ ಓಡಾಡಲ್ಲ, ಗಿರಾಕಿ ಎಲ್ಲಿಂದ ಬರ್ಬೇಕು. ಅದಕ್ಕೆ ಉದ್ದ ಆದ್ರೂ ಓದ್ರಿ.

ಆಗಿದ್ದಿಷ್ಟು. ಭಾನುವಾರ ನಮ್ಮ ಬಟ್ಟೆ ಅಂಗಡ್ಯಾಗೆ ಕುಂತು ಫೋನಿನಾಗೆ ಒಂದು ಗೇಮ್ ಕೊಂಡೆ, 2,499 ರೂಪಾಯಿ. ಅಕ್ಕನ ಮಗನಿಗೆ. ಕೊಂಡು ಇನ್ನೂ ಚಾ ಲೋಟ ಕೆಳಗಿಟ್ಟಿಲ್ಲ, ಹುಡುಗ ಫೋನ್ ಮಾಡ್ದ. "ಮಾಮಾ, ಏನ್ ತಗೊಂಡಿ ನೀನು? ಅದು ಗೇಮ್ ಅಲ್ಲ, ಗೇಮಿಗೆ ಎಕ್ಸ್‌ಟ್ರಾ ಕಥೆ. ಮೇನ್ ಗೇಮ್ ಇಲ್ದೇ ಅದು ಓಪನ್ನೇ ಆಗಲ್ಲ." ನೋಡಿದ್ರೆ ಹೌದು! ಅದೇ ಚಿತ್ರ, ಅದೇ ಹೆಸರು, ಅದೇ ಕತ್ತಿ ಹಿಡಿದ ಮನುಷ್ಯ, ಕೆಳಗೆ ಇರುವೆ ಸೈಜಿನಾಗೆ ಒಂದು ಸಾಲು ಬರೆದಿದ್ರು, ನನ್ನ ಚಾಳೀಸಿಗೂ ಕಂಡಿಲ್ಲ. ಪ್ಯಾಂಟ್ ಇಲ್ದೇ ಬರೀ ಜೇಬು ಕೊಂಡಂಗಾತು.

ಸರಿ, ತಪ್ಪು ನಂದೇ. ತಕ್ಷಣ ರಿಫಂಡ್ ಬಟನ್ ಒತ್ತಿದೆ, ಕೊಂಡು ಹನ್ನೊಂದು ನಿಮಿಷ ಆಗಿತ್ತು ಅಷ್ಟೇ. ಉತ್ತರ: ಡೌನ್‌ಲೋಡ್ ಶುರುವಾಗೈತೆ, ಹಂಗಾಗಿ ವಾಪಸ್ ಇಲ್ಲ. ಯಾವ ಡೌನ್‌ಲೋಡು? ನಾನು ಅಂಗಡ್ಯಾಗೆ, ಟಿವಿಗೆ ಹಚ್ಚಿ ಗೇಮ್ ಆಡೋ ಡಬ್ಬಿ, ಅದೇ ಕನ್ಸೋಲ್, ಮನೆಯಾಗೆ ಟಿವಿ ಕೆಳಗೆ ಮಲಗೈತೆ. ಕೇಳಿದ್ರೆ, ಮಲಗಿದ್ರೂ ನೆಟ್ ಇದ್ರೆ ತಾನೇ ಎಳ್ಕೊಳ್ಳೋ ಸೆಟ್ಟಿಂಗ್ ಆನ್ ಇತ್ತಂತೆ. ಅದನ್ನ ಆನ್ ಮಾಡಿ ಕಳಿಸಿದ್ದು ಯಾರು? ಅವರೇ. ಸಂಜೆ ಮನೆಗೆ ಹೋಗಿ ನೋಡಿದ್ರೆ 3 ಪರ್ಸೆಂಟ್, ಕರೆಂಟ್ ಹೋಗಿ ಅಲ್ಲಿಗೇ ನಿಂತಿತ್ತು. ಜೆಸ್ಕಾಂನೋರಿಗೆ ಇರೋ ಕರುಣೆ ಇವರಿಗಿಲ್ಲ.

ಮೂರು ಪರ್ಸೆಂಟ್! ಒಂದು ಜೀನ್ಸಿನಾಗೆ ಮೂರು ಪರ್ಸೆಂಟ್ ಅಂದ್ರೆ ಒಂದು ಗುಂಡಿ, ಒಂದು ಕಾಜಾ.

ಸ್ಟೋರ್ ಹೆಸರು ಹೇಳಲ್ಲ, ಅಕೌಂಟ್ ಬ್ಲಾಕ್ ಮಾಡಿದ್ರೆ ಇರೋ ಗೇಮೂ ಹೋತವೆ. ಅದೂ ಒಂದು ಮಜಾ ನೋಡ್ರಿ, ದುಡ್ಡು ಕೊಟ್ಟು ಕೊಂಡಿದ್ದು ನಮ್ದಲ್ವಂತೆ, ಬರೀ ಆಡೋಕೆ ಲೈಸೆನ್ಸ್ ಅಂತೆ. ಕ್ಯಾಲಿಫೋರ್ನಿಯಾದಾಗೆ 2025ರ ಜನವರಿಯಿಂದ ಕಾನೂನೇ ಬಂದೈತೆ, ಲೈಸೆನ್ಸ್ ಅಂತ ಸಾಫ್ ಹೇಳದೆ 'ಕೊಳ್ಳಿ' ಅನ್ನೋ ಬಟನ್ ಇಡಂಗಿಲ್ಲ ಅಂತ. ನಮ್ಮ ಕಡೆ ಬಟನ್ ದೊಡ್ಡದು, ಲೈಸೆನ್ಸ್ ಅನ್ನೋ ಮಾತು ಮತ್ತದೇ ಇರುವೆ ಸೈಜು.

ಎಲ್ಲರೂ ಹಿಂಗೇ ಅಂದ್ಕೋಬ್ಯಾಡ್ರಿ. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್ ಅನ್ನೋ ಸ್ಟೋರಿನೋರು 2015ರ ಜೂನಿನಾಗೇ ರೂಲ್ ಮಾಡಿದ್ರು, ಕೊಂಡು 14 ದಿನದೊಳಗೆ, ಆಡಿದ್ದು ಎರಡು ತಾಸಿಗಿಂತ ಕಮ್ಮಿ ಇದ್ರೆ ಕಾರಣ ಏನೇ ಇರ್ಲಿ ವಾಪಸ್. ಜಿಒಜಿ ಅಂತ ಇನ್ನೊಂದು ಸ್ಟೋರ್ 2020ರಾಗೆ 30 ದಿನ ಅಂತು, ಡೌನ್‌ಲೋಡ್ ಮಾಡಿ ಆಡಿದ್ರೂನೂ. ಅವರೇನು ದಿವಾಳಿ ಎದ್ರಾ? ಸ್ಟೀಮ್‌ನೋರಿಗೂ ಮೊದ್ಲಿಂದ ಅಷ್ಟು ಧಾರಾಳ ಇರ್ಲಿಲ್ಲ ಬಿಡ್ರಿ, ಹಳೇ 'ರಿಫಂಡ್ ಇಲ್ಲ' ರೂಲಿನ ಮೇಲೆ ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2014ರಾಗೇ ಕೋರ್ಟಿಗೆ ಎಳೆದಿತ್ತು, ನಾವು ಅಮೆರಿಕದೋರು ನಿಮ್ಮ ಕಾನೂನು ನಮಗೆ ಬರಲ್ಲ ಅಂತ ವಾದ ಮಾಡಿದ್ರೂ ನಡೀಲಿಲ್ಲ, 2016ರ ಡಿಸೆಂಬರಿನಾಗೆ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ಇನ್ನು ಸೈಬರ್‌ಪಂಕ್ 2077 ಅನ್ನೋ ಗೇಮ್ ನೆನಪೈತಲ್ಲ, 2020ರ ಡಿಸೆಂಬರ್ 10ಕ್ಕೆ ಬಂದು ಹಳೇ ಕನ್ಸೋಲಿನಾಗೆ ಹೆಜ್ಜೆ ಹೆಜ್ಜೆಗೂ ಹ್ಯಾಂಗ್ ಆಗಿ ಮಾನ ಹೋತು, ಒಂದು ವಾರಕ್ಕೇ ಸೋನಿಯೋರು ತಮ್ಮ ಸ್ಟೋರಿನಿಂದ ತೆಗೆದು ಕೇಳಿದೋರಿಗೆ ದುಡ್ಡು ವಾಪಸ್ ಕೊಟ್ರು. ಅವರೆಲ್ಲ ಪೂರ್ತಿ ಇಳಿಸ್ಕೊಂಡು ದಿನಗಟ್ಟಲೆ ಆಡಿದೋರು! ಅಂದ್ರೆ ಇಡೀ ಜಗತ್ತು ಬಾಯಿ ಬಡ್ಕೊಂಡ್ರೆ ನೂರು ಪರ್ಸೆಂಟಿಗೂ ದುಡ್ಡು ಬರ್ತೈತೆ, ಬಳ್ಳಾರಿಯೋನೊಬ್ಬ ಕೂಗಿದ್ರೆ ಮೂರು ಪರ್ಸೆಂಟಿಗೂ ಇಲ್ಲ.

ನಮ್ಮ ದೇಶದಾಗೂ 2019ರ ಗ್ರಾಹಕ ಕಾಯ್ದೆ ಐತೆ, 2020ರ ಇ-ಕಾಮರ್ಸ್ ರೂಲ್ಸಿನಾಗೆ ಡಿಜಿಟಲ್ ಮಾಲೂ ಸೇರೈತೆ. ವಾಪಸಾತಿ ಹೆಂಗೆ ಅಂತ ಕಾಣಂಗೆ ಬರೀರಿ ಅಂತೈತೆ. ಬರೆದ್ರು ಪುಣ್ಯಾತ್ಮರು, 'ಇಲ್ಲ' ಅಂತ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚೀನಿ, ದೂರಿನ ನಂಬರ್ ಕೊಟ್ಟಾರೆ, ನೋಡೋಣ.

ಈಗ ಯಾರಾದ್ರೂ ಬರ್ತಾರೆ ಕಾಮೆಂಟಿಗೆ: ಅಣ್ಣಾ, ರಿಫಂಡ್ ಸಲೀಸಾದ್ರೆ ಜನ ಆಡಿ ಮುಗಿಸಿ ವಾಪಸ್ ಕೊಡ್ತಾರೆ, ಸಣ್ಣ ಡೆವಲಪರ್ ಹಾಳಾಗ್ತಾನೆ. ಗೊತ್ರೀ. 2021ರಾಗೆ ಒಬ್ಬ ಡೆವಲಪರ್ ಇದೇ ಕಾರಣಕ್ಕೆ ಗೇಮ್ ಮಾಡೋದೇ ಬಿಡ್ತೀನಿ ಅಂದಿದ್ದ, ಅವನ ಗೇಮ್ ಎರಡು ತಾಸಿನೊಳಗೇ ಮುಗೀತಿತ್ತು. ಪಾಪ, ನ್ಯಾಯವೇ. ನನಗೆ ಗೊತ್ತಿಲ್ದೇ ಇರ್ತೈತಾ, ಮದುವಿಗೆ ಪ್ಯಾಂಟ್ ಹಾಕ್ಕೊಂಡು ಹೋಗಿ ಅರಿಶಿನದ ಕಲೆ ಸಮೇತ "ಸೈಜ್ ಆಗಿಲ್ಲಣ್ಣ" ಅಂತ ತಂದು ಒಗೀತಾರೆ. ಆದ್ರೆ ಓಪನ್ನೇ ಆಗದಿರೋ ಮಾಲಿನಾಗೆ ಏನು ಆಡಿ ಮುಗಿಸ್ಲಿ ನಾನು? ಅವರ ಸರ್ವರಿನಾಗೆ ನಾನು ಒಂದು ತಾಸೂ ಆಡಿಲ್ಲ ಅಂತ ಲೆಕ್ಕ ಇರ್ತೈತೆ, ಅದನ್ನ ನೋಡೋದು ಬಿಟ್ಟು ಮೂರು ಪರ್ಸೆಂಟ್ ಹಿಡ್ಕೊಂಡು ಕುಂತಾರೆ. ನಮ್ಮಂಗಡಿ ಟ್ರಯಲ್ ರೂಮಿಗೆ ಬಾಗಿಲು ಸರಿಯಾಗಿ ಹಾಕಕ್ಕೆ ಬರಲ್ಲ, ಆದ್ರೂ ಟ್ರಯಲ್ ರೂಮ್ ಅಂತ ಒಂದೈತಲ್ರೀ!

ಹಾಂ, ನನ್ನ ಅಂಗಡಿ ನೋಡಿದೋರು ನಗ್ತಿರ್ತೀರಿ. ಹೌದು, ಗಲ್ಲಾದ ಮೇಲೆ ಅಪ್ಪನ ಕಾಲದ ಬೋರ್ಡ್ ಐತೆ, ಮಾರಿದ ಮಾಲು ವಾಪಸ್ ತಗೊಳ್ಳುವುದಿಲ್ಲ ಅಂತ, ಪಕ್ಕದಾಗೆ ಲಕ್ಷ್ಮಿ ಫೋಟೋ. ಅದು ಬೋರ್ಡಿಗೆ ಅಷ್ಟೇ. ಕವರ್ ಬಿಚ್ಚದೆ ತಂದ್ರೆ ಇವತ್ತಿನವರೆಗೂ ಯಾರಿಗೂ ಇಲ್ಲ ಅಂದಿಲ್ಲ, ಸ್ವಲ್ಪ ಮುಖ ಗಂಟು ಹಾಕ್ತೀನಿ, ಅದು ಬೇರೆ ಮಾತು. ಬೋರ್ಡ್ ಹಿಂದೆ ಒಬ್ಬ ಮನುಷ್ಯ ಇದ್ರೆ ಜಗಳ ಮಾಡಬಹುದು. ಇಲ್ಲಿ ಮೇಲ್ ಹಿಂದೆ ಯಾರೂ ಇಲ್ಲ, ಮೂರು ಸಲ ಬರೆದೆ, ಮೂರು ಸಲವೂ ಅಕ್ಷರ ಬದಲಾಗ್ದಂಗೆ ಅದೇ ಉತ್ತರ, 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಅಂತ ಶುರು. ಏನ್ ಅರ್ಥ ಆತು ನಿನಗೆ ಮಣ್ಣು?

ಇನ್ನೊಂದು, ಅಕ್ಕನ ಮಗನಿಗೆ ಅಂದೆನಲ್ಲ, ಸುಳ್ಳು. ಗೇಮ್ ನನಗೇ. ರಾತ್ರಿ ಅಂಗಡಿ ಮುಚ್ಚಿ ಊಟ ಮಾಡಿ ಒಂದು ತಾಸು ಆಡ್ತೀನಿ, ನಲವತ್ತಾರು ವರ್ಷಕ್ಕೆ ಇದೇನು ಹುಡುಗಾಟ ಅಂತ ಮನೆಯಾಕೆ ಬೈತಾಳೆ ಅಂತ ಹುಡುಗನ ಹೆಸರು ಹೇಳೋದು. ಈ ಪೋಸ್ಟ್ ಅವಳಿಗೆ ಯಾರೂ ತೋರಿಸಬ್ಯಾಡ್ರಿ.

ನಿನ್ನೆ ರಾತ್ರಿ ಕರೆಂಟ್ ಬಂದ ಮೇಲೆ ಅದು ತನ್ನಷ್ಟಕ್ಕೇ ಪೂರ್ತಿ ಇಳ್ಕೊಂಡೈತೆ. ಒತ್ತಿದ್ರೆ 'ಮೂಲ ಗೇಮ್ ಅಗತ್ಯವಿದೆ' ಅಂತ ಬರ್ತೈತೆ, ಕೆಳಗೆ ಬೆಲೆ 3,999, ದೊಡ್ಡ ಅಕ್ಷರದಾಗೆ. ಹುಡುಗ ಪಕ್ಕದಾಗೆ ಕುಂತು ಮಂಡಕ್ಕಿ ಮೆಣಸಿನಕಾಯಿ ತಿಂತಾ ನನ್ನ ಮುಖಾನೇ ನೋಡ್ತಿದ್ದ. "ತಗೋ ಮಾಮಾ, ಇಲ್ಲಾಂದ್ರೆ ಆ 2,499 ವೇಸ್ಟ್ ಆತಲ್ಲ" ಅಂದ.